ಸರಾಸರಿ ಕನ್ನಡ ಯಾರ ಮನೆಯ ಮಾತು? ನಾಗಲದಿನ್ನೆ ಸುತ್ತಿನ ಕನ್ನಡವನ್ನು ಅಳೆದ ಬಗೆಗೆ ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ವಿಚಾರ ಸಂಕಿರಣದಲ್ಲಿ ನಾನು ಆದವಾನಿ ಸೀಮೆಯ ಕನ್ನಡದ ಬಗೆಗೆ ಪ್ರಬಂಧ ಮಂಡಿಸಿದ್ದೆ. ತುಂಗಭದ್ರೆಯ ದಂಡೆಯ ನಾಗಲದಿನ್ನೆಯಿಂದ ಹಿಡಿದು ಪಡುವಣಕ್ಕೆ ಕೋಸಿಗಿ, ಕೌತಾಳಗಳವರೆಗೆ ಕೆಲವು ಊರುಗಳಲ್ಲಿ ಪದಪಟ್ಟಿ ತುಂಬಿಸಿಕೊಂಡು, ಎಲ್ಲವನ್ನೂ ಕೂಡಿ ಭಾಗಿಸಿ, ಈ ಸೀಮೆಯ ಆಡುಮಾತಿನಲ್ಲಿ ಕನ್ನಡ ಪದ ಶೇಕಡಾ ಇಷ್ಟು, ತೆಲುಗು ಪದ ಶೇಕಡಾ ಇಷ್ಟು ಎಂದು ಕೊನೆಗೆ ಒಂದು ಅಂಕಿ ಕೊಟ್ಟಿದ್ದೆ. ಅಂಕಿಗೆ ದಶಮಾಂಶವೂ ಇತ್ತು. ಪ್ರಬಂಧ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು, "ಸಾರ್, ನೀವು ಹೇಳಿದ ಈ ಸರಾಸರಿ ಕನ್ನಡ ಯಾರ ಮನ್ಯಾಗ ಆಡ್ತಾರ್ರೀ?" ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ. ಉತ್ತರ ಮಾತ್ರ ಹೇಳಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಆ ಅಂಕಿಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ತಪ್ಪು ಲೆಕ್ಕವೇನಲ್ಲ, ಕೂಡಿದ್ದು ಭಾಗಿಸಿದ್ದು ಸರಿಯಾಗೇ ಇತ್ತು. ಆದರೆ ಆ ಅಂಕಿ ಏನನ್ನು ಹೇಳುತ್ತದೆ ಎಂದು ನಾನು ಭಾವಿಸಿದ್ದೆನೋ ಅದನ್ನು ಅದು ಹೇಳುವುದಿಲ್ಲ.

ಮೊದಲು ಸರಾಸರಿಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅಂಕಿ ಕಂಡರೆ ಮೂಗು ಮುರಿಯುವ ಅಭ್ಯಾಸ ನಮ್ಮ ವಲಯದಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ. ನನಗೆ ಅದು ಒಪ್ಪಿಗೆಯಲ್ಲ. ಉಪಭಾಷೆಗಳ ನಕ್ಷೆ ಬರೆಯುವವರಿಗೆಲ್ಲ ಒಂದು ತೊಂದರೆ ಗೊತ್ತು. ಒಂದು ಪದದ ಗಡಿಗೆರೆ ಒಂದು ಕಡೆ ಹೋದರೆ ಇನ್ನೊಂದು ಪದದ ಗೆರೆ ಬೇರೆ ಕಡೆ ಹೋಗುತ್ತದೆ, ನೂರು ಪದ ಹಿಡಿದರೆ ನಕ್ಷೆ ನೂಲಿನ ಸಿಕ್ಕಾಗುತ್ತದೆ. ಫ್ರಾನ್ಸಿನ ಗ್ಯಾಸ್ಕನಿ ಪ್ರಾಂತ್ಯದ ಭಾಷಾ ನಕ್ಷೆ ಮಾಡಿದ ಝಾಂ ಸೆಗಿ 1971ರಲ್ಲಿ ಆ ಸಿಕ್ಕನ್ನು ಬಿಡಿಸಲು ಹೋಗದೆ ಎಣಿಸಲು ಹೊರಟರು. ಎರಡು ಊರುಗಳ ನಡುವೆ ಎಷ್ಟು ಪದಗಳು ಬೇರೆಯಾಗುತ್ತವೆ ಎಂದು ಲೆಕ್ಕ ಹಾಕಿ, ನೆಲದ ದೂರ ಹೆಚ್ಚಿದಂತೆ ಪದದ ದೂರವೂ ಹೆಚ್ಚುತ್ತದೆ, ಆದರೆ ಹೆಚ್ಚುವ ವೇಗ ಬರಬರುತ್ತಾ ಕಡಿಮೆಯಾಗುತ್ತದೆ ಎಂಬುದನ್ನು ತೋರಿಸಿದರು. ಯಾವ ಒಂದು ಪದವನ್ನು ಹಿಡಿದು ನೋಡಿದರೂ ಇದು ಕಾಣುತ್ತಿರಲಿಲ್ಲ. ಬಹಳ ಪದಗಳನ್ನು ಒಟ್ಟು ಮಾಡಿದಾಗಲೇ ಕಂಡದ್ದು. ಬಿಡಿ ಬಿಡಿಯಾದ ಆಕಸ್ಮಿಕಗಳು ಒಂದನ್ನೊಂದು ಹೊಡೆದುಹಾಕಿ ಅಡಿಯಲ್ಲಿರುವ ಒಲವು ಮೇಲೆ ಬರುವುದು, ಇದು ಸರಾಸರಿಯ ನಿಜವಾದ ಉಪಕಾರ. ಅಳೆಯುವ ವಸ್ತು ಒಂದೇ ಆಗಿದ್ದು, ಅಳತೆಯಲ್ಲಿ ಮಾತ್ರ ಹೆಚ್ಚುಕಡಿಮೆ ಆಗುತ್ತಿದ್ದರೆ ಸರಾಸರಿಯನ್ನು ಕಣ್ಣು ಮುಚ್ಚಿ ನಂಬಬಹುದು.

ನಮ್ಮ ಕಷ್ಟ ಅಲ್ಲೇ ಇದೆ. ನಾಗಲದಿನ್ನೆಯಲ್ಲಿ ಅಳೆಯುವ ವಸ್ತು ಒಂದೇ ಅಲ್ಲ.

ಮೂರು ಊರು ಇಟ್ಟುಕೊಳ್ಳೋಣ. ಇವು ನಿಜದ ಊರಲ್ಲ, ಲೆಕ್ಕದ ಊರು. ಒಂದೊಂದರಲ್ಲೂ ಹತ್ತು ಮನೆ. ಪ್ರತಿ ಮನೆಯಲ್ಲಿ ನೂರು ಪದಗಳ ಪಟ್ಟಿ ಹಿಡಿದು ಕೇಳುತ್ತೇವೆ. ಮೊದಲನೆಯ ಊರಿನ ಹತ್ತೂ ಮನೆಗಳಲ್ಲಿ ಐವತ್ತು ಪದ ಕನ್ನಡದವು, ಐವತ್ತು ತೆಲುಗಿನವು ಬಂದವು. ಎರಡನೆಯ ಊರಿನ ಐದು ಮನೆಗಳಲ್ಲಿ ನೂರಕ್ಕೆ ನೂರು ಕನ್ನಡ, ಉಳಿದ ಐದರಲ್ಲಿ ಒಂದೂ ಇಲ್ಲ. ಮೂರನೆಯ ಊರಿನ ಪ್ರತಿ ಮನೆಯಲ್ಲೂ ಅಜ್ಜಿ ನೂರು ಪದ ಕನ್ನಡದಲ್ಲಿ ಹೇಳಿದಳು, ಮೊಮ್ಮಗ ನೂರನ್ನೂ ತೆಲುಗಿನಲ್ಲಿ ಹೇಳಿದ. ಮೂರು ಊರಿನ ಸರಾಸರಿಯೂ ಐವತ್ತೇ. ಆದರೆ ಮೊದಲನೆಯದು ಬೆರಕೆಯ ಊರು, ಎರಡನೆಯದು ಕೇರಿ ಕೇರಿ ಬೇರೆಯಾದ ಊರು, ಮೂರನೆಯದು ಕನ್ನಡ ಒಂದು ತಲೆಮಾರಿನಲ್ಲಿ ಮುಗಿಯುವ ಊರು. ನಾನು ಅಂದು ಕೊಟ್ಟ ಅಂಕಿಯಿಂದ ನಾಗಲದಿನ್ನೆ ಈ ಮೂರರಲ್ಲಿ ಯಾವುದು ಎಂದು ಯಾರೂ ಹೇಳಲಾರರು. ನಾನೂ ಹೇಳಲಾರೆ.

ಸಂಖ್ಯಾಶಾಸ್ತ್ರದವರು ಇದಕ್ಕೆ ಪರಿಹಾರ ಇದೆ ಎನ್ನುತ್ತಾರೆ. ಸರಾಸರಿಯ ಜೊತೆಗೆ ಹರವನ್ನೂ ಕೊಡಿ, ಅಂದರೆ ಮಾನಕ ವಿಚಲನೆ. ಸರಿ, ಕೊಡೋಣ. ಮನೆಯನ್ನು ಘಟಕ ಮಾಡಿಕೊಂಡರೆ ಮೊದಲನೆಯ ಊರಿನ ವಿಚಲನೆ ಸೊನ್ನೆ, ಎರಡನೆಯದರದು ಐವತ್ತು. ಈ ಎರಡನ್ನು ಬೇರ್ಪಡಿಸಿದಂತಾಯಿತು. ಆದರೆ ಮೂರನೆಯ ಊರಿನದೂ ಸೊನ್ನೆಯೇ! ಮನೆ ಮನೆಗೂ ಅಲ್ಲಿ ಭೇದವಿಲ್ಲ. ಭೇದ ಇರುವುದು ಮನೆಯ ಒಳಗೆ, ಒಲೆಯ ಮುಂದೆ ಕೂತವಳಿಗೂ ಶಾಲೆಯ ಚೀಲ ಹೊತ್ತವನಿಗೂ ನಡುವೆ. ಯಾವುದರ ಹರವು ಎಂದು ಕೇಳದೆ ಹರವನ್ನು ಕೊಟ್ಟರೆ ಮತ್ತೆ ಅದೇ ಕಥೆ. ಎಫ್. ಜೆ. ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ನಾಲ್ಕು ಅಂಕಿಪಟ್ಟಿಗಳನ್ನು ಅಚ್ಚು ಮಾಡಿಸಿದರು. ನಾಲ್ಕಕ್ಕೂ ಅಡ್ಡಸಾಲಿನ ಸರಾಸರಿ 9, ಉದ್ದಸಾಲಿನ ಸರಾಸರಿ 7.5, ಹರವೂ ಹೆಚ್ಚುಕಡಿಮೆ ಒಂದೇ. ಚುಕ್ಕೆ ಇಟ್ಟು ನೋಡಿದರೆ ಒಂದು ಓರೆಗೆರೆಯ ಸುತ್ತ ಚೆದುರಿದೆ, ಒಂದು ಕಮಾನಿನಂತೆ ಬಾಗಿದೆ, ಮೂರನೆಯದರಲ್ಲಿ ಒಂದೇ ಚುಕ್ಕೆ ಸಾಲು ಬಿಟ್ಟು ಹೊರಗೆ ನಿಂತು ಗೆರೆಯನ್ನೆಲ್ಲ ತನ್ನ ಕಡೆ ಎಳೆದಿದೆ, ನಾಲ್ಕನೆಯದರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಒಂದರ ಮೇಲೊಂದು ಕಂಬ ನಿಂತಿವೆ. ಅವರು ಹೇಳಿದ್ದು ಇಷ್ಟೇ: ಲೆಕ್ಕ ಹಾಕುವುದಕ್ಕೆ ಮುಂಚೆ ಒಮ್ಮೆ ಕಣ್ಣಿಂದ ನೋಡಿ. ಪದಪಟ್ಟಿ ಹಿಡಿದು ತಿರುಗುವ ನಮಗೆ, ಲೆಕ್ಕಕ್ಕೆ ಮುಂಚೆ ಕಿವಿಯಿಂದ ಕೇಳಿ ಎಂದು ಇದನ್ನು ಹೇಳಬೇಕು.

ಕೇಳಿದ್ದನ್ನೇ ಹೇಳುತ್ತೇನೆ. ನಾಗಲದಿನ್ನೆಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕೂತು ಮುದುಕಿಯೊಬ್ಬಾಕೆಯನ್ನು, "ಅವ್ವಾ, ಇದಕ್ಕ ಏನಂತೀರಿ ನೀವು?" ಎಂದು ಮನೆಯನ್ನೇ ತೋರಿಸಿ ಕೇಳಿದೆ. "ಮನಿ ಅಂತೀವಪ್ಪ, ಇನ್ನೇನಂತಾರ?" ಅಂದಳು. ಬರೆದುಕೊಂಡೆ. ಅಷ್ಟರಲ್ಲಿ ತರಕಾರಿಯವ ಬಂದ. ಅವನ ಹತ್ತಿರ ಆಕೆ ತೆಲುಗಿನಲ್ಲಿ ಮಾತಾಡುತ್ತಾ ತನ್ನ ಮನೆಯನ್ನು 'ಇಲ್ಲು' ಎಂದಳು. ಅವನು ಹೋದ ಮೇಲೆ ಮೊಮ್ಮಗಳ ಓದಿನ ವಿಷಯ ಬಂತು, ಆಕೆಗೆ ಕಲಿಸಿದ ಮಾತನ್ನು ಹೇಳುವಾಗ ಪುಸ್ತಕದಲ್ಲಿದ್ದಂತೆ 'ಮನೆ' ಎಂದೇ ಅಂದಳು. ಅರ್ಧ ಗಂಟೆಯೊಳಗೆ ಒಬ್ಬಳೇ ಹೆಂಗಸಿನ ಬಾಯಲ್ಲಿ ಮೂರು ರೂಪ. ನನ್ನ ಪಟ್ಟಿಯಲ್ಲಿ ಮಾತ್ರ ಒಂದೇ ಕೋಣೆ, ಅದರಲ್ಲಿ 'ಮನಿ', ಕನ್ನಡ, ಒಂದು ಅಂಕ. ತರಕಾರಿಯವ ಐದು ನಿಮಿಷ ಮುಂಚೆ ಬಂದು, ನಾನು ಕೇಳುವುದು ಆಮೇಲೆ ಆಗಿದ್ದರೆ ಏನು ಬರೆಯುತ್ತಿದ್ದೆನೋ! ಆಕೆ ಅರ್ಧ ಕನ್ನಡತಿಯೂ ಅಲ್ಲ, ಅರ್ಧ ತೆಲುಗಿನಾಕೆಯೂ ಅಲ್ಲ. ಮಗ್ಗುಲಿನವರ ಹತ್ತಿರ ಇಡೀ ಕನ್ನಡ, ಅಂಗಡಿಯವರ ಹತ್ತಿರ ಇಡೀ ತೆಲುಗು. ಯಾವಾಗ, ಯಾರ ಹತ್ತಿರ ಎಂಬ ಎರಡು ಪ್ರಶ್ನೆ ತೆಗೆದುಹಾಕಿದರೆ ಉಳಿಯುವುದು 'ಶೇಕಡಾ'.

ಇನ್ನೂ ಒಂದು ಸೂಕ್ಷ್ಮವಿದೆ. ಕೊನೆಯ ಎಕಾರ ಇಕಾರವಾಗುವುದು ಉತ್ತರದ ಕನ್ನಡದ ಲಕ್ಷಣ ಎಂದು ನಾವೆಲ್ಲ ಬರೆದಿದ್ದೇವೆ. ಮನೆ ಮನಿಯಾಗುತ್ತದೆ, ಕರೆ ಕರಿಯಾಗುತ್ತದೆ. ಒಂದು ಊರಲ್ಲಿ ಅರ್ಧ ಜನ ಮನೆ, ಅರ್ಧ ಜನ ಮನಿ ಅಂದರೆ ಅದರ ಸರಾಸರಿ ಏನು? ಉಪಕರಣ ಇಟ್ಟು ಸ್ವರವನ್ನು ಅಳೆದು ಸರಾಸರಿ ತೆಗೆದರೆ ಎ ಮತ್ತು ಇ ನಡುವಿನ ಒಂದು ಸ್ವರ ಬರುತ್ತದೆ. ಆ ಸ್ವರವನ್ನು ಊರಲ್ಲಿ ಯಾರೂ ಉಚ್ಚರಿಸುವುದಿಲ್ಲ. ಮೇಷ್ಟ್ರು ಕೇಳಿದ್ದು ಇದನ್ನೇ. ಇಂಥ ಕಡೆ ಸರಾಸರಿಗಿಂತ ಬಹುಲಕ, ಅಂದರೆ ಅತಿ ಹೆಚ್ಚು ಸಲ ಬಂದ ರೂಪ, ಮೇಲು. ಅದು ಕನಿಷ್ಠ ಒಬ್ಬರ ಬಾಯಲ್ಲಾದರೂ ಇರುವ ಮಾತು.

ಊರಿಗೆ ಒಂದು ಅಂಕಿ ಕೊಡುವುದು ಜಾತಿಯ ಭೇದವನ್ನೂ ನುಂಗುತ್ತದೆ ಎಂಬುದನ್ನು ವಿಲಿಯಂ ಬ್ರೈಟ್ 1960ರಲ್ಲೇ ತೋರಿಸಿದ್ದರು. ಬೆಂಗಳೂರಿನಲ್ಲಿ ಬ್ರಾಹ್ಮಣರ 'ಇದೆ', ಒಕ್ಕಲಿಗರ 'ಐತಿ'. ಧಾರವಾಡದಲ್ಲಿ ಬ್ರಾಹ್ಮಣರ 'ಅದ', ಲಿಂಗಾಯತರ 'ಐತಿ'. ಊರನ್ನು ಘಟಕ ಮಾಡಿದರೆ ಬೆಂಗಳೂರು ಧಾರವಾಡಗಳ ಅಂತರ ಕಾಣುತ್ತದೆ; ಸಮುದಾಯವನ್ನು ಘಟಕ ಮಾಡಿದರೆ ನಾನೂರು ಕಿಲೋಮೀಟರಿನ ಎರಡು ತುದಿಯಲ್ಲೂ ಒಂದೇ 'ಐತಿ' ಕೇಳಿಸುತ್ತದೆ. ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದ್ದು ಇನ್ನೂ ಬೆರಗಿನದು. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದಿವೆ, ವಾಕ್ಯದ ಕಟ್ಟು ಮಾತ್ರ ಒಂದಾಗಿಬಿಟ್ಟಿದೆ. ಪದಪಟ್ಟಿ ಹಿಡಿದು ಹೋದವನು ಮೂರು ಭಾಷೆ ಎನ್ನುತ್ತಾನೆ, ವ್ಯಾಕರಣದ ಪಟ್ಟಿ ಹಿಡಿದು ಹೋದವನು ಒಂದೇ ಎನ್ನುತ್ತಾನೆ, ಎರಡನ್ನೂ ಕೂಡಿ ಭಾಗಿಸಿದವನಿಗೆ ಏನೂ ತಿಳಿಯುವುದಿಲ್ಲ. ನಾನು ನಾಗಲದಿನ್ನೆಗೆ ಒಯ್ದದ್ದು ಪದಪಟ್ಟಿ. ಆ ಪಟ್ಟಿಯೂ ಬಹುಮಟ್ಟಿಗೆ ಮಾರಿಸ್ ಸ್ವಾದೇಶರದು.

ಸ್ವಾದೇಶರ ಹೆಸರು ಬಂದದ್ದರಿಂದ ಒಂದು ಮಾತು. ಭಾಷೆಗಳು ಬೇರೆಯಾದ ಕಾಲವನ್ನು ಪದಗಳ ಉಳಿಕೆಯಿಂದ ಲೆಕ್ಕ ಹಾಕುವ ಪದ್ಧತಿ ನಿಂತದ್ದೇ ಒಂದು ಸರಾಸರಿಯ ಮೇಲೆ. ರಾಬರ್ಟ್ ಲೀಸ್ 1953ರಲ್ಲಿ ಹದಿಮೂರು ಭಾಷೆಗಳನ್ನು ನೋಡಿ, ಸಾವಿರ ವರ್ಷದಲ್ಲಿ ಮೂಲ ಶಬ್ದಗಳು ಶೇಕಡಾ 80.5ರಷ್ಟು ಉಳಿಯುತ್ತವೆ ಎಂದರು. ಹದಿಮೂರರಲ್ಲಿ ಒಂದೊಂದೂ ಬೇರೆ ಬೇರೆ ಉಳಿಸಿಕೊಂಡಿತ್ತು, ನಿಜ. ಆದರೆ ಆಮೇಲಿನವರ ಕೈಯಲ್ಲಿ ಸರಾಸರಿಯೇ ನಿಯಮವಾಯಿತು. ಐಸ್‌ಲ್ಯಾಂಡಿನ ಭಾಷೆ ಈ ನಿಯಮಕ್ಕಿಂತ ಎಷ್ಟೋ ಹೆಚ್ಚು ಉಳಿಸಿಕೊಂಡಿದೆ ಎಂದು ಬೆರ್ಗ್‌ಸ್ಲಾಂಡ್ ಮತ್ತು ವೋಗ್ತ್ 1962ರಲ್ಲಿ ತೋರಿಸಿದ ಮೇಲೂ 1964ರಲ್ಲಿ ಆಂದ್ರೊನೊವ್ ದ್ರಾವಿಡ ಭಾಷೆಗಳಿಗೆ ಅದನ್ನು ಹಚ್ಚಿ ನೋಡಿದರು. ಆ ಕಾಲಗಣನೆಯನ್ನು ಇಂದಿಗೂ ನಮ್ಮ ಕೆಲವು ಪಠ್ಯಗಳಲ್ಲಿ ಪ್ರಶ್ನೆಯಿಲ್ಲದೆ ಎತ್ತಿ ಹಾಕುತ್ತಾರೆ.

ಈಗ ಅಂಕಿಯಿಂದ ನಿಜಕ್ಕೂ ಏನಾಗುತ್ತದೆ ಎಂಬ ಕಡೆಗೆ ಬರುತ್ತೇನೆ. ಇದೆಲ್ಲ ಭಾಷಾವಿಜ್ಞಾನದ ಒಳಗಿನ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರ ರಾಜ್ಯವಾದಾಗ ಈ ಮೂರು ಅತ್ತ ಹೋದವು, ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ಬಗೆಗೆ ಜಗಳವಿದ್ದದ್ದರಿಂದ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆ ನಡೆದು ಅದು ಮೈಸೂರಿಗೆ ಬಂತು. ಹೊಳೆಯ ಆಚೆ ದಂಡೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ 1956ರವರೆಗೆ ರಾಯಚೂರು ಜಿಲ್ಲೆಯವೇ. ನಾಗಲದಿನ್ನೆಯ ಕಡೆ ನಿಂತು ನೋಡಿದರೆ ಮೂರು ವರ್ಷದ ಅಂತರದಲ್ಲಿ ಎರಡು ದಂಡೆಗಳೂ ಕನ್ನಡ ಜಿಲ್ಲೆಗಳಿಂದ ಬಿಡಿಸಿಕೊಂಡವು. ಎಣಿಕೆಯ ಘಟಕ ತಾಲ್ಲೂಕು. ಜನಗಣತಿಯಲ್ಲಿ ಒಬ್ಬರಿಗೆ ಒಂದೇ ತಾಯ್ನುಡಿ. ಕನ್ನಡ ಎಂದವರಿಗೆ ಒಂದು, ಅಲ್ಲ ಎಂದವರಿಗೆ ಸೊನ್ನೆ ಕೊಟ್ಟು ಸರಾಸರಿ ತೆಗೆದರೆ ಬರುವುದೇ ಶೇಕಡಾವಾರು. ಶೇಕಡಾವಾರು ಸರಾಸರಿಯ ಇನ್ನೊಂದು ಹೆಸರು ಅಷ್ಟೆ. ತಾಲ್ಲೂಕಿನ ಪಡುವಣ ಅಂಚಿನ ಊರಿಗೂ ಮೂಡಣ ಅಂಚಿನ ಊರಿಗೂ ಒಂದೇ ಅಂಕಿ ಬಿತ್ತು.

ಬೇರೆ ದಾರಿ ಇರಲಿಲ್ಲವೆ? ಇತ್ತು. ಅದೇ ಆಂಧ್ರದ ಮದರಾಸಿನ ಕಡೆಯ ಗಡಿಯನ್ನು ಎಚ್. ವಿ. ಪಾಟಸ್ಕರ್ ಅವರು ಹಳ್ಳಿಯನ್ನು ಘಟಕ ಮಾಡಿಕೊಂಡು ತೀರ್ಮಾನಿಸಿದರು; 1960ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಒಂದೇ ರಾಜ್ಯಕ್ಕೆ ಪಡುವಣದ ಗಡಿಯಲ್ಲಿ ಒಂದು ಘಟಕ, ತೆಂಕಣದ ಗಡಿಯಲ್ಲಿ ಇನ್ನೊಂದು. ತಾಲ್ಲೂಕೇ ಸರಿ, ಹಳ್ಳಿಯೇ ಸರಿ ಎಂದು ನಾನು ವಾದಿಸುತ್ತಿಲ್ಲ. ಹಳ್ಳಿ ಹಳ್ಳಿಗೂ ಹರಿದು ಹಂಚಿದರೆ ಆಡಳಿತ ನಡೆಯುವುದಿಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಘಟಕವನ್ನು ಆರಿಸಿದ ಗಳಿಗೆಯಲ್ಲೇ ಉತ್ತರದ ಬಹುಪಾಲು ಆರಿಸಿದಂತಾಯಿತು, ಲೆಕ್ಕ ಆಮೇಲಿನದು. ಗ್ರಿಯರ್ಸನ್ನರ ಭಾಷಾ ಸಮೀಕ್ಷೆ ನೆರವಿಗೆ ಬರುವಂತಿರಲಿಲ್ಲ; ಮದರಾಸು ಪ್ರಾಂತ್ಯ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ಆದವಾನಿಯ ಮಾತು ಹೇಗಿದೆ ಎಂದು ಕೇಳಿ ಬರೆದವರಿಲ್ಲದೆ ಅದು ಎಷ್ಟಿದೆ ಎಂದು ಮಾತ್ರ ಎಣಿಸಲಾಯಿತು.

ಶಾಲೆಯ ವಿಷಯ ಇದಕ್ಕಿಂತ ಹತ್ತಿರದ್ದು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನು ಕೊಡಬೇಕಾದರೆ ಇಡೀ ಶಾಲೆಯಲ್ಲಿ 40, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿರಬೇಕು ಎಂದು 1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನ ನಿರ್ಣಯಿಸಿತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿದ ಕಾಲಕ್ಕೂ ಅದೇ ಅಳತೆ ಮುಂದುವರಿಯಿತು. ಈಗ ಮತ್ತೆ ಲೆಕ್ಕದ ಊರುಗಳಿಗೆ ಹೋಗೋಣ. ಮೂರು ಶಾಲೆಗಳ ಮೂರನೆಯ ತರಗತಿಯಲ್ಲಿ ಒಟ್ಟು 24 ಕನ್ನಡ ಮಕ್ಕಳು, ಸರಾಸರಿ 8. ಶಾಲೆಗೆ ಎಂಟೆಂಟು ಇದ್ದರೆ ಒಬ್ಬ ಮೇಷ್ಟ್ರೂ ಬರುವುದಿಲ್ಲ. ಹತ್ತು, ಹತ್ತು, ನಾಲ್ಕು ಇದ್ದರೆ ಇಬ್ಬರು ಬರುತ್ತಾರೆ. ಇಪ್ಪತ್ನಾಲ್ಕೂ ಒಂದೇ ಶಾಲೆಯಲ್ಲಿದ್ದರೆ ಒಬ್ಬರು. ಸರಾಸರಿ ಮೂರು ಕಡೆಯೂ ಎಂಟೇ. ಸರಾಸರಿ ಹತ್ತಕ್ಕೆ ಮುಟ್ಟಿಲ್ಲ, ಆದ್ದರಿಂದ ಈ ಮಂಡಲದಲ್ಲಿ ಕನ್ನಡ ಶಿಕ್ಷಕರು ಬೇಡ ಎಂದು ಮೇಲೆ ಕೂತು ಟಿಪ್ಪಣಿ ಬರೆದರೆ ಹತ್ತು ಹತ್ತು ಮಕ್ಕಳಿರುವ ಎರಡು ಊರಿಗೆ ಅನ್ಯಾಯವಾಗುತ್ತದೆ. ನಮ್ಮಂಥವರು ಅಚ್ಚು ಹಾಕಿಸುವ 'ಈ ಸೀಮೆಯಲ್ಲಿ ಕನ್ನಡ ಶೇಕಡಾ ಇಷ್ಟು' ಎಂಬ ಸಾಲು ಅಂಥ ಟಿಪ್ಪಣಿಗೆ ಆಧಾರವಾಗಬಹುದು. ನನ್ನ ಹಳೆಯ ಪ್ರಬಂಧದ ಬಗೆಗೆ ನನಗೆ ಮುಜುಗರವಾಗುವುದು ಇದಕ್ಕೇ.

ಹೊಳೆದಂಡೆಯವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. 2009ರಲ್ಲಿ ದೇಶದ ಮುಂಗಾರು ಮಳೆ ದೀರ್ಘಕಾಲದ ಸರಾಸರಿಯ ಶೇಕಡಾ 78 ಮಾತ್ರ. ದಾಖಲೆಯಲ್ಲಿ ಅದು ಬರದ ವರ್ಷ. ಅದೇ ವರ್ಷದ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ನಾಗಲದಿನ್ನೆಯ ಸೇತುವೆ ಕೊಚ್ಚಿಹೋಯಿತು. ಆ ಊರವರ ಮುಂದೆ ಸರಾಸರಿ ಮಳೆ ಎಂದರೆ ಅವರು ಸುಮ್ಮನೆ ನಮ್ಮ ಮುಖ ನೋಡುತ್ತಾರೆ.

ಅಂಕಿಯನ್ನು ಸರಿಯಾಗಿ ಬಳಸಿದವರು ನಮ್ಮಲ್ಲೇ ಇದ್ದಾರೆ ಎಂಬುದನ್ನು ಮರೆಯಬಾರದು. ಎರಡು ಗುಂಪುಗಳ ಸರಾಸರಿಗಳ ಅಂತರ ದೊಡ್ಡದೋ ಸಣ್ಣದೋ ಎಂದು ತಿಳಿಯಲು ಗುಂಪಿನೊಳಗಿನ ಹರವಿಗೆ ಅದನ್ನು ಹೋಲಿಸಿ ನೋಡಬೇಕು ಎಂಬುದು ಪ್ರಶಾಂತಚಂದ್ರ ಮಹಲನೋಬಿಸ್ 1936ರಲ್ಲಿ ರೂಪಿಸಿದ ದೂರಮಾನದ ತಿರುಳು. ಆ ಹಾದಿಯನ್ನು ಬಹಳ ದೂರ ಒಯ್ದವರಲ್ಲಿ ಸಿ. ಆರ್. ರಾವ್ ಒಬ್ಬರು, ಸಂಯುಕ್ತ ಪ್ರಾಂತ್ಯದ ಜನರ ದೇಹಮಾನದ ಸಮೀಕ್ಷೆಯನ್ನು ಮಹಲನೋಬಿಸ್ ಮತ್ತು ಮಜುಂದಾರರೊಡನೆ 1949ರಲ್ಲಿ ಪ್ರಕಟಿಸಿದರು. ಅವರು ಹುಟ್ಟಿದ್ದು 1920ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಹಡಗಲಿಯಲ್ಲಿ, ಒಂದು ತೆಲುಗು ಮನೆಯಲ್ಲಿ. ಹಡಗಲಿ 1953ರಲ್ಲಿ ಮೈಸೂರಿಗೆ ಬಂತು. ಆದವಾನಿಯ ಕನ್ನಡ ಮನೆ ಅತ್ತ ಉಳಿದಂತೆ ಹಡಗಲಿಯ ತೆಲುಗು ಮನೆ ಇತ್ತ ಉಳಿಯಿತು. 2023ರಲ್ಲಿ ತೀರಿಕೊಂಡ ಆ ಮಹನೀಯರನ್ನು ಇಲ್ಲಿ ನೆನೆಯುವುದಕ್ಕೆ ಇದು ನೆಪ ಎಂದರೆ ಅಡ್ಡಿಯಿಲ್ಲ.

ನಮ್ಮ ಕ್ಷೇತ್ರದಲ್ಲಿಯೇ ಮಾದರಿ ಬೇಕೆಂದರೆ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ಹೊರತಂದ ತೆಲುಗು ವ್ಯವಸಾಯ ವೃತ್ತಿಪದಕೋಶವಿದೆ. ಯಾವ ಪದ ಯಾವ ಕಡೆಯದು ಎಂದು ಅದರಲ್ಲಿ ಗುರುತಿಸಿ ಕೊಟ್ಟಿದ್ದಾರೆ. ಬೇಕಾದವರು ಅದರಿಂದ ಸರಾಸರಿ ತೆಗೆದುಕೊಳ್ಳಬಹುದು. ಸರಾಸರಿ ಕೊಟ್ಟಿದ್ದರೆ ಅದರಿಂದ ಊರುಗಳನ್ನು ಮರಳಿ ತೆಗೆಯಲು ಯಾರಿಗೂ ಆಗುತ್ತಿರಲಿಲ್ಲ. ನಮ್ಮ ಸಂಕಿರಣದ ಸಂಪುಟಗಳಲ್ಲೂ ಪಟ್ಟಿಗಳನ್ನು ಇಡಿಯಾಗಿ, ಊರು, ಕೇರಿ, ವಯಸ್ಸು, ಹೆಣ್ಣೋ ಗಂಡೋ, ಯಾರ ಎದುರು ಆಡಿದ ಮಾತು ಎಂಬ ವಿವರದೊಂದಿಗೆ ಅಚ್ಚು ಮಾಡಲು ಸಂಪಾದಕರು ಪುಟ ಬಿಡಬೇಕು. ಪುಟ ಹೆಚ್ಚಾಗುತ್ತದೆ ಎನ್ನುವುದು ನನಗೂ ಗೊತ್ತು.

ಈ ಲೇಖನಕ್ಕಾಗಿ ನನ್ನ ಹಳೆಯ ಚೀಟಿಗಳ ಗಂಟನ್ನು ಬಿಚ್ಚಿ ಮತ್ತೆ ವಿಂಗಡಿಸಲು ಕೂತೆ. ಊರಿನ ಹೆಸರು ಎಲ್ಲದರಲ್ಲೂ ಇದೆ. ಮನೆಯ ಗುರುತು ಬಹಳಷ್ಟರಲ್ಲಿದೆ. ಹೇಳಿದವರ ವಯಸ್ಸನ್ನು ಮಾತ್ರ ಹೆಚ್ಚಿನ ಚೀಟಿಗಳಲ್ಲಿ ಬರೆದುಕೊಂಡಿಲ್ಲ. ಆಗ ಅದು ಬೇಕಾಗುತ್ತದೆ ಅನಿಸಿರಲಿಲ್ಲ. ಹಾಗಾಗಿ ನಾಗಲದಿನ್ನೆ ಮೊದಲನೆಯ ಊರೋ ಮೂರನೆಯ ಊರೋ ಎಂಬುದು ಆ ಗಂಟಿನಲ್ಲಿ ಇಲ್ಲ. ಬರುವ ಬೇಸಿಗೆಗೆ ಮತ್ತೆ ಹೋಗಿ, ಅದೇ ಮನೆಗಳಲ್ಲಿ, ಈ ಸಲ ಮಕ್ಕಳನ್ನೂ ಕೂರಿಸಿಕೊಂಡು ಕೇಳಬೇಕು.